ಜಾಬ್ ಕಾರ್ಡಿನಲ್ಲಿ ಬರೆಯದ ಹೆಸರು

ಲಾರಿ ನನ್ನ ಹೆಸರಿನಲ್ಲಿತ್ತು. ತಾಪತ್ರಯವೆಲ್ಲ ಶುರುವಾಗಿದ್ದು ಅಲ್ಲಿಂದಲೇ. ನಮ್ಮ ಮನೆಯವರು ಹದಿನಾರು ವರ್ಷ ಬೇರೆಯವರ ಲಾರಿ ಓಡಿಸಿ, ಕೊನೆಗೂ ಸ್ವಂತದ್ದೊಂದು ಹೊಸ ಗಾಡಿ ತೆಗೆಯೋಣ ಎಂದು ಹೊರಟಾಗ, ಜೋಯಿಸರೊಬ್ಬರು ಜಾತಕ ನೋಡಿ, ಕಬ್ಬಿಣ ಇವರ ಹೆಸರಿಗೆ ಆಗಿಬರುವುದಿಲ್ಲ, ಹೆಂಡತಿ ಹೆಸರಿನಲ್ಲಿ ತೆಗೆಯಿರಿ ಎಂದರು. ಹದಿನಾರು ವರ್ಷ ಕಬ್ಬಿಣದೊಳಗೇ ಕೂತು ಹೊಟ್ಟೆ ಹೊರೆದವರಿಗೆ ಅಲ್ಲಿಯವರೆಗೆ ಅದು ಹೇಗೆ ಆಗಿಬಂದಿತ್ತು ಎಂದು ನಾನಾದರೂ ಕೇಳಬೇಕಿತ್ತು. ಕೇಳಲಿಲ್ಲ. ಆರ್‌ಸಿ ಪುಸ್ತಕದಲ್ಲಿ, ಸಾಲದ ಕಾಗದದಲ್ಲಿ, ಲಾರಿಯ ಬಾಗಿಲ ಮೇಲೆ ನನ್ನ ಹೆಸರು ಬಂತು. ಗೇರು ಯಾವ ಕಡೆ ಇರುತ್ತದೆ ಎಂದೂ ಗೊತ್ತಿಲ್ಲದ ನಾನು ಓನರ್ ಆದೆ.

ಹಾಗಂತ ಕೈಕಟ್ಟಿ ಕೂತ ಓನರ್ ಏನಲ್ಲ. ಚಾಮರಾಜಪೇಟೆಯ ವಠಾರದಲ್ಲಿ ನಮ್ಮದು ಮುಂದಿನ ಮನೆ. ಅದರ ಹಜಾರದಲ್ಲಿ ಒಂದು ಫೋನು, ಒಂದು ಮೇಜು. ಸುತ್ತಮುತ್ತ ಪ್ರೆಸ್ಸುಗಳು, ನೋಟ್‌ಬುಕ್ ಹೊಲಿಯುವವರು. ಅವರಿಗೆ ಕಾಗದದ ಬಂಡಲ್ ತರುವುದು, ಅವರ ನೋಟ್‌ಬುಕ್ಕುಗಳನ್ನು ಹುಬ್ಬಳ್ಳಿ, ದಾವಣಗೆರೆ ಕಡೆಗೆ ಸಾಗಿಸುವುದು, ಇದೇ ನಮ್ಮ ಕೆಲಸ. ಲೋಡು ಹಿಡಿಯುವುದು, ಮಾಲಿನ ಜೊತೆ ಹೋಗುವ ರಸೀತಿ, ಅಂದರೆ ಬಿಲ್ಟಿ, ಬರೆಯುವುದು ನಾನು. ಓಡಿಸುವುದು ಅವರು. ಮೂರನೆಯವರು ಯಾರೂ ಇರಲಿಲ್ಲ. ನೋಟ್‌ಬುಕ್ಕಿನವರಿಗೆ ಸ್ಕೂಲು ತೆರೆಯುವ ಮುಂಚಿನ ಮೂರು ತಿಂಗಳೇ ವರ್ಷ. ನಮಗೂ ಹಾಗೆಯೇ.

ಆ ವರ್ಷ, ತೊಂಬತ್ತರ ದಶಕದ ಕೊನೆಯಲ್ಲಿ, ಯುಗಾದಿಗೆ ಮುಂಚೆ ಗಾಡಿ ಕೆಟ್ಟಿತು. ತೆಗೆದು ಇನ್ನೂ ನಾಲ್ಕು ತಿಂಗಳು. ಸಿರಾ ದಾಟಿದ ಮೇಲೆ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಹೋಗಿದೆ. ಇವರು ನಿಲ್ಲಿಸಿ, ಆರಿಸಿ, ರೇಡಿಯೇಟರಿಗೆ ನೀರು ತುಂಬಿ, ಆಯಿಲ್ ನೋಡುವ ಕಡ್ಡಿ ಎಳೆದು ನೋಡಿದ್ದಾರೆ. ಆಯಿಲ್ ಕಪ್ಪಗಿರಲಿಲ್ಲ, ಹಾಲು ಜಾಸ್ತಿಯಾದ ಕಾಫಿಯ ಬಣ್ಣಕ್ಕೆ ತಿರುಗಿತ್ತು. ಇಂಜಿನ್ನಿನೊಳಗೆ ಎಲ್ಲೋ ನೀರು ಆಯಿಲಿಗೆ ಸೇರುತ್ತಿದೆ ಎಂದರ್ಥ. ಅವರು ಕಡ್ಡಿಯನ್ನು ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಮನೆಗೆ ತಂದು ನನಗೆ ತೋರಿಸಿದರು. ಹೊಸ ಗಾಡಿ, ವಾರಂಟಿ ಇದೆ, ಎರಡು ದಿನದಲ್ಲಿ ಮಾಡಿಕೊಡುತ್ತಾರೆ ಎಂದು ನಾನೇ ಸಮಾಧಾನ ಹೇಳಿದೆ.

ತುಮಕೂರು ರಸ್ತೆಯಲ್ಲಿದ್ದ ಕಂಪನಿಯ ವರ್ಕ್‌ಶಾಪಿನಲ್ಲಿ ಎರಡೇ ದಿನದಲ್ಲಿ ಮಾಡಿಯೂ ಕೊಟ್ಟರು. ಇಂಜಿನ್ನಿನ ಮೇಲ್ಭಾಗದ ಹೆಡ್ ಗ್ಯಾಸ್ಕೆಟ್ ಹೋಗಿತ್ತು, ಬದಲಾಯಿಸಿದ್ದೇವೆ ಎಂದರು. ಒಂದು ಟ್ರಿಪ್ ಓಡಿತು. ಎರಡನೆಯದರಲ್ಲಿ ನೆಲಮಂಗಲದ ಹತ್ತಿರ ನಿಂತಿತು. ಬೇರೆ ಲಾರಿಗೆ ಕಟ್ಟಿ ಎಳೆದುಕೊಂಡು ಬಂದು ಮತ್ತೆ ಅದೇ ಗೇಟಿನೊಳಗೆ ಬಿಟ್ಟೆವು. ಈ ಸಲ ಓನರೇ ಬರಬೇಕು, ವಾರಂಟಿ ಕ್ಲೇಮಿಗೆ ಓನರ್ ಸಹಿ ಬೇಕು ಎಂದರು. ಹಾಗೆ ನಾನು ಮೊದಲ ಸಲ ಆ ವರ್ಕ್‌ಶಾಪಿನ ಮೆಟ್ಟಿಲು ಹತ್ತಿದೆ.

ಅಲ್ಲೊಬ್ಬ ಸೂಪರ್‌ವೈಸರ್ ಇದ್ದರು. ಒಳ್ಳೆಯ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ನಾನು ಮನೆಯಲ್ಲೇ ಕೂತು ಒಂದು ದೂರು ಬರೆದು ತಂದಿದ್ದೆ. ‘ನಮ್ಮ ಯಜಮಾನರು ಗಾಡಿ ಓಡಿಸುತ್ತಿರುವಾಗ’ ಎಂದು ಶುರುವಾಗುತ್ತಿತ್ತು. ಅವರು ಮೊದಲ ಸಾಲಿಗೇ ನಿಂತರು.

“ಯಜಮಾನರು ಅಂದ್ರೆ ಯಾರಮ್ಮಾ? ಆರ್‌ಸಿಲಿ ಓನರ್ ನೀವಲ್ವಾ?”

“ಹೌದು. ಇವರು ಓಡಿಸೋರು.”

“ಇಬ್ಬಿಬ್ರು ಯಜಮಾನರು ಅಂತ ಹೋದ್ರೆ ಮೇಲಿನವರು ಕ್ಲೇಮ್ ವಾಪಸ್ ಕಳಿಸ್ತಾರೆ. ಡ್ರೈವರ್ ಅಂತ ಬರ್ದ್ಬಿಡಿ. ಹೆಸರೇನು?”

ಅವರು ಪೆನ್ನು ಎತ್ತಿ ಹಿಡಿದುಕೊಂಡು ಕಾದರು. ಮದುವೆಯಾಗಿ ಹತ್ತೊಂಬತ್ತು ವರ್ಷವಾಗಿತ್ತು, ನಾನು ನನ್ನ ಗಂಡನ ಹೆಸರನ್ನು ಬಾಯಲ್ಲಿ ಹೇಳಿದವಳಲ್ಲ, ಕೈಯಲ್ಲಿ ಬರೆದವಳಲ್ಲ. ರೇಷನ್ ಕಾರ್ಡಿನ ಅರ್ಜಿಯಲ್ಲೂ ಆ ಜಾಗ ಖಾಲಿ ಬಿಟ್ಟು ಅವರಿಂದಲೇ ತುಂಬಿಸಿದ್ದೆ. ಹೇಳಿದರೆ ಅವರ ಆಯಸ್ಸು ಕಡಿಮೆಯಾಗುತ್ತದೆ ಎಂದು ನಮ್ಮಮ್ಮ ಹೇಳಿಕೊಟ್ಟಿದ್ದಳು. ಪಿಯುಸಿ ಓದಿದವಳು ನಾನು, ಇದನ್ನು ನಂಬುತ್ತೀಯಾ ಎಂದು ಯಾರಾದರೂ ಕೇಳಿದ್ದರೆ ಇಲ್ಲ ಎನ್ನುತ್ತಿದ್ದೆ. ಆದರೆ ದಿನಾ ಹೈವೇಯಲ್ಲಿ ಲಾರಿ ಓಡಿಸುವವರ ಹೆಂಡತಿ. ನಂಬದಿದ್ದರೂ ಯಾಕೆ ಸುಮ್ಮನೆ ಎಂದು ಇದ್ದುಬಿಟ್ಟಿದ್ದೆ. ಸೂಪರ್‌ವೈಸರ್ ನನ್ನ ಮುಖ ನೋಡಿ ಸ್ವಲ್ಪ ನಕ್ಕರು. ರಿಪೇರಿಯ ವಿವರ ಬರೆಯುವ ಜಾಬ್ ಕಾರ್ಡಿನಲ್ಲಿ ಹೆಸರಿನ ಜಾಗದಲ್ಲೂ ‘ಡ್ರೈವರ್’ ಎಂದೇ ಬರೆದರು. ನನಗೆ ಎಷ್ಟೋ ಹಾಯೆನಿಸಿತು. ಅಲ್ಲೇ ಬೆಂಚಿನ ಮೇಲೆ ಕೂತು ‘ನಮ್ಮ ಡ್ರೈವರ್ ಗಾಡಿ ಓಡಿಸುತ್ತಿರುವಾಗ’ ಎಂದು ಇನ್ನೊಂದು ಕಾಗದ ಬರೆದುಕೊಟ್ಟೆ.

ಅಲ್ಲಿಂದ ಮುಂದಕ್ಕೆ ಅದೇ ಅಭ್ಯಾಸವಾಯಿತು. ಪ್ರತಿ ಮಂಗಳವಾರ ಮೆಜೆಸ್ಟಿಕ್‌ಗೆ ಹೋಗಿ ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ವರ್ಕ್‌ಶಾಪಿಗೆ ಹೋಗುತ್ತಿದ್ದೆ. ಹೋದಾಗಲೆಲ್ಲ ಒಂದು ಕಾಗದ ಕೊಟ್ಟು, ನನ್ನ ಪ್ರತಿಯ ಮೇಲೆ ಅವರ ಸೀಲು ಹಾಕಿಸಿಕೊಳ್ಳುತ್ತಿದ್ದೆ. ಸೀಲು ಇಲ್ಲದ ಕಾಗದ ಕಡಲೆಕಾಯಿ ಕಟ್ಟೋಕೆ ಎಂದು ಪ್ರೆಸ್ಸಿನವರೊಬ್ಬರು ಹೇಳಿಕೊಟ್ಟಿದ್ದರು. ನಮ್ಮ ಡ್ರೈವರ್ ಹೀಗೆ ಹೇಳಿದರು, ನಮ್ಮ ಡ್ರೈವರ್ ಬಂದು ನೋಡಿದಾಗ ಇಂಜಿನ್ ಬಿಚ್ಚಿಟ್ಟಿತ್ತು, ನಮ್ಮ ಡ್ರೈವರ್ ಕೆಲಸವಿಲ್ಲದೆ ಕೂತಿದ್ದಾರೆ. ಹೀಗೆ ಹದಿಮೂರು ಕಾಗದ.

ರಿಪೇರಿ ಹೇಗೆ ನಡೆಯಿತು ಎಂದರೆ, ನಡೆಯಲಿಲ್ಲ. ಮೊದಲು ಆಯಿಲ್ ಕೂಲರ್ ಬಿಚ್ಚಿ ಪರೀಕ್ಷೆ ಮಾಡಿದರು, ಸರಿಯಿತ್ತು. ಆಮೇಲೆ ಹೆಡ್ ಬಾಗಿರಬಹುದು ಎಂದು ಅದನ್ನು ಉಜ್ಜಿಸಲು ಹೊರಗೆ ಕಳಿಸಿದರು. ಬಂದ ಮೇಲೆ ಜೋಡಿಸಿ ಓಡಿಸಿದರೆ ಮತ್ತೆ ಅದೇ ಕಾಫಿ ಬಣ್ಣ. ಕಂಪನಿಯ ಇಂಜಿನಿಯರು ಬಂದು ನೋಡಿ ಒಪ್ಪಿಗೆ ಕೊಡದೆ ಮುಂದೆ ಏನೂ ಮುಟ್ಟುವ ಹಾಗಿಲ್ಲ ಎಂದರು. ಇಂಜಿನಿಯರು ಬರಲು ಹದಿನೆಂಟು ದಿನ. ಅವರು ಬಂದು ಇಂಜಿನ್ನಿನ ಬ್ಲಾಕಿನೊಳಗೆ ಬಣ್ಣದ ನೀರು ಒತ್ತಿಸಿ ನೋಡಿದಾಗ, ನಾಲ್ಕನೇ ಸಿಲಿಂಡರಿನ ಪಕ್ಕ ಕೂದಲೆಳೆಯಷ್ಟು ಬಿರುಕು ಕಾಣಿಸಿತು. ಎರಕ ಹೊಯ್ಯುವಾಗಲೇ ಇದ್ದ ದೋಷ. ಹಾಫ್ ಇಂಜಿನ್, ಅಂದರೆ ಬ್ಲಾಕೂ ಸೇರಿ ಇಂಜಿನ್ನಿನ ಪೂರ್ತಿ ಕೆಳಭಾಗ, ಫ್ಯಾಕ್ಟರಿಯಿಂದಲೇ ಬರಬೇಕಿತ್ತು. ತಿಂಗಳು ಕಾದ ಮೇಲೆ ಬಂದ ಪೆಟ್ಟಿಗೆ ಒಡೆದರೆ ಅದು ಬೇರೆ ಮಾಡೆಲ್ಲಿನದು. ಸೂಪರ್‌ವೈಸರ್ ನನ್ನ ಎದುರಿಗೇ ತಲೆ ಮೇಲೆ ಕೈ ಹೊತ್ತು ಕೂತರು. ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಸೀಲು ಹಾಕಿಸಿಕೊಂಡು ಬಸ್ಸು ಹತ್ತಿದೆ.

ಆ ದಿನಗಳಲ್ಲಿ ನನಗೆ ಏನೂ ಅನಿಸುತ್ತಲೇ ಇರಲಿಲ್ಲ. ಹಲ್ಲು ಕೀಳುವಾಗ ಸೂಜಿ ಚುಚ್ಚಿದ ಮೇಲೆ ದವಡೆ ಇರುತ್ತದಲ್ಲ, ಹಾಗಿದ್ದೆ. ನೋಟ್‌ಬುಕ್ಕಿನವರು ಫೋನು ಮಾಡಿದಾಗ ಗಾಡಿ ಇಲ್ಲ ಎಂದು ಅದೇ ದನಿಯಲ್ಲಿ ಹೇಳುತ್ತಿದ್ದೆ. ಮೇ ತಿಂಗಳಲ್ಲಿ ಅವರೂ ಫೋನು ಮಾಡುವುದು ನಿಲ್ಲಿಸಿದರು. ಸಾಲದ ಕಂತು ಮಾತ್ರ ನಿಲ್ಲಲಿಲ್ಲ. ಮನೆಯವರು ಒಂದು ದಿನ ಏನೂ ಹೇಳದೆ ಟ್ರಂಕಿನಿಂದ ಹಳೆಯ ಖಾಕಿ ಅಂಗಿ ತೆಗೆದು ಹಾಕಿಕೊಂಡು, ತಮ್ಮ ಹಳೆಯ ಮಾಲೀಕರ ಲಾರಿ ಓಡಿಸಲು ಹೊರಟರು. ಸ್ವಂತ ಗಾಡಿ ಬಂದ ದಿನ ಆ ಅಂಗಿಯನ್ನು ಇನ್ನು ಹಾಕುವುದಿಲ್ಲ ಎಂದು ಅವರೇ ಮಡಿಸಿ ಇಟ್ಟಿದ್ದರು. ನಾನು ಬುತ್ತಿ ಕಟ್ಟಿಕೊಟ್ಟೆ.

ತೊಂಬತ್ತೊಂದನೇ ದಿನ ಗಾಡಿ ಹೊರಗೆ ಬಂತು. ಅಷ್ಟರಲ್ಲಿ ಸ್ಕೂಲುಗಳು ತೆರೆದು ಮಕ್ಕಳ ನೋಟ್‌ಬುಕ್ಕಿಗೆಲ್ಲ ಬೈಂಡೂ ಹಾಕಿಯಾಗಿತ್ತು. ಹಾಳಾದ ಸೀಸನ್ನಿಗೆ ಪರಿಹಾರ ಕೊಡಿ ಎಂದು ಕಂಪನಿಗೆ ರಿಜಿಸ್ಟರ್ ಪೋಸ್ಟಿನಲ್ಲಿ ಬರೆದೆ. ವಾರಂಟಿ ಎಂದರೆ ಬಿಡಿಭಾಗ ಬದಲಾಯಿಸಿ ಕೊಡುವುದು ಮಾತ್ರ, ಅದನ್ನು ಮಾಡಿದ್ದೇವೆ, ನಿಂತ ದಿನಗಳಿಗೆ ನಾವು ಹೊಣೆಯಲ್ಲ ಎಂದು ನಾಲ್ಕು ಸಾಲಿನ ಉತ್ತರ ಬಂತು.

ಎನ್.ಆರ್. ಕಾಲೋನಿಯಲ್ಲಿ ಒಬ್ಬ ವಕೀಲರಿದ್ದರು. ವಯಸ್ಸಾದವರು, ಮನೆಯ ಮುಂದಿನ ರೂಮೇ ಆಫೀಸು. ಪ್ರೆಸ್ಸಿನವರೇ ಅವರ ವಿಳಾಸ ಕೊಟ್ಟಿದ್ದು. ಅವರು ನನ್ನ ಫೈಲು ನೋಡಿ, ಇಷ್ಟು ಚೆನ್ನಾಗಿ ಕಾಗದ ಇಟ್ಟುಕೊಂಡು ಬಂದವರನ್ನು ನಾನು ನೋಡಿಲ್ಲ ಎಂದು ಹೊಗಳಿದರು. ಗ್ರಾಹಕರ ವೇದಿಕೆಯಲ್ಲಿ ದೂರು ಹಾಕಿದೆವು. ಹದಿಮೂರು ಕಾಗದವನ್ನೂ ಲಗತ್ತಿಸಿದೆವು. ಒಂದು ವಿಷಯವನ್ನು ಅವರು ಆಗಲೇ ಹೇಳಿದ್ದರು. ವ್ಯಾಪಾರಕ್ಕೆಂದು ಕೊಂಡವರು ಕಾನೂನಿನಲ್ಲಿ ಗ್ರಾಹಕರಲ್ಲ. ತಾವೇ, ತಮ್ಮ ಮನೆಯವರೇ ದುಡಿದು ಹೊಟ್ಟೆ ಹೊರೆಯಲು ಕೊಂಡಿದ್ದರೆ ಮಾತ್ರ ಗ್ರಾಹಕರು. ನಿಮ್ಮದು ಅದೇ ತಾನೆ ಎಂದು ಕೇಳಿದರು. ಅದೇ ಎಂದೆ.

ಮೂರು ತಿಂಗಳ ಮೇಲೆ ಕಂಪನಿಯ ತಕರಾರು ಬಂತು. ವಕೀಲರು ಹೇಳಿ ಕಳಿಸಿ ನಮ್ಮಿಬ್ಬರನ್ನೂ ಕರೆಸಿದರು. ಕಂಪನಿಯವರು ಎರಕದ ಬಿರುಕಿನ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ನನ್ನ ಹದಿಮೂರು ಕಾಗದಗಳನ್ನೂ ಇಂಗ್ಲಿಷಿಗೆ ಮಾಡಿಸಿ, ಪ್ರತಿಯೊಂದರಲ್ಲೂ ‘ಡ್ರೈವರ್’ ಎಂಬ ಪದದ ಕೆಳಗೆ ಗೆರೆ ಎಳೆದಿದ್ದರು. ಇವರು ಮನೆಯಲ್ಲಿ ಕೂತ ಮಾಲೀಕರು, ಸಂಬಳದ ಡ್ರೈವರನ್ನು ಇಟ್ಟುಕೊಂಡು ಲಾರಿ ವ್ಯಾಪಾರ ಮಾಡುತ್ತಾರೆ, ಆದ್ದರಿಂದ ಗ್ರಾಹಕರೇ ಅಲ್ಲ, ದೂರು ವಜಾ ಮಾಡಬೇಕು. ಗಂಡನೇ ಡ್ರೈವರ್ ಎಂಬುದು ಕೇಸಿಗಾಗಿ ಆಮೇಲೆ ಹುಟ್ಟಿಸಿದ ಕಥೆ ಎಂದಿದ್ದರು. ನಮ್ಮ ಮನೆಯವರು ಬೇರೊಬ್ಬರ ಲಾರಿಯನ್ನು ಕೂಲಿಗೆ ಓಡಿಸುತ್ತಿದ್ದುದಕ್ಕೂ ಸಾಕ್ಷಿ ಹುಡುಕಿ ತಂದಿದ್ದರು.

“ಏನಮ್ಮಾ ಇದು,” ಎಂದರು ವಕೀಲರು. “ಒಂದ್ರಲ್ಲಾದ್ರೂ ನಮ್ಮೆಜಮಾನ್ರು ಅಂತ ಬರೀಬಾರ್ದಿತ್ತಾ?”

ಬರೆದಿದ್ದೆ, ಆ ಒಂದನ್ನೇ ವರ್ಕ್‌ಶಾಪಿನವರು ತೆಗೆದುಕೊಳ್ಳಲಿಲ್ಲ ಎಂದು ನಡೆದದ್ದನ್ನೆಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು, ನಗಲಿಲ್ಲ. ಆರ್‌ಸಿ, ಡ್ರೈವಿಂಗ್ ಲೈಸೆನ್ಸು, ರೇಷನ್ ಕಾರ್ಡು ಎಲ್ಲ ಸೇರಿಸಿ ಉತ್ತರ ಕೊಡೋಣ, ಆದರೆ ನಿಮ್ಮ ಕೈಬರಹವನ್ನು ನಾವು ಅಳಿಸುವ ಹಾಗಿಲ್ಲ, ವೇದಿಕೆಯ ಅಧ್ಯಕ್ಷರು ನಿಮ್ಮನ್ನೇ ಕೇಳಿದರೂ ಕೇಳಬಹುದು ಎಂದರು. ಮನೆಯವರು ಪಕ್ಕದಲ್ಲೇ ಕೂತಿದ್ದರು. ಇಂಗ್ಲಿಷ್ ಬಾರದವರು. ನನ್ನ ಬಗ್ಗೆ ಏನು ಬರೆದಿದ್ದಾರೆ ಎಂದು ಕೇಳಿದರು. ಸಂಬಳದ ಡ್ರೈವರ್ ಎಂದಿದ್ದಾರೆ ಎಂದು ವಕೀಲರು ಹೇಳಿದರು. ಇವರು ತಲೆಯಾಡಿಸಿ ಚಪ್ಪಲಿ ಹುಡುಕಿಕೊಂಡು ಹೊರಗೆ ಹೋದರು.

ಅದಾಗಿ ಸ್ವಲ್ಪ ದಿನಕ್ಕೆ ಕಂಪನಿಯವರು ರಾಜಿಗೆ ಬಂದರು. ಒಂದು ವರ್ಷ ಹೆಚ್ಚಿಗೆ ವಾರಂಟಿ, ಎರಡು ಸರ್ವೀಸು ಪುಕ್ಕಟೆ. ನಾನು ‘ಪೂರ್ತಿ ತೃಪ್ತಿಯಾಗಿದೆ’ ಎಂಬ ಕಾಗದಕ್ಕೆ ಓನರ್ ಎಂದು ಸಹಿ ಹಾಕಿ ಕೇಸು ವಾಪಸ್ ತೆಗೆದುಕೊಳ್ಳಬೇಕು. ಕೇಸು ಬಿದ್ದುಹೋದರೆ ಇದೂ ಸಿಗುವುದಿಲ್ಲ, ಯೋಚನೆ ಮಾಡಿ ಎಂದು ವಕೀಲರು ಕಾಗದ ಮನೆಗೆ ಕೊಟ್ಟು ಕಳಿಸಿದರು. ಮನೆಯವರು ವಠಾರದ ಮುಂದೆ ಟಾರ್ಪಾಲು ಹರಡಿಕೊಂಡು ಹರಿದ ಕಡೆ ಹೊಲಿಯುತ್ತಿದ್ದರು. ನಾನು ಮೆಟ್ಟಿಲ ಮೇಲೆ ಕೂತು ಓದಿ ಹೇಳಿದೆ.

“ಹಾಕ್ಬಿಡು ಸಹಿ,” ಎಂದರು. “ಸಾಕಾಗ್ಹೋಗಿದೆ.”

“ನಿಮ್ಮನ್ನ ಸಂಬಳದೋರು ಅಂತ ಬರ್ದಿದಾರೆ. ಸಹಿ ಹಾಕಿದ್ರೆ ಅದನ್ನ ಒಪ್ಪಿದ ಹಾಗೇ ಅಲ್ವಾ.”

“ಬರ್ಕೊಳ್ಲಿ ಬಿಡು. ಹದಿನಾರ್ ವರ್ಷ ಅದೇ ತಾನೆ ಆಗಿದ್ದೆ.” ಸೂಜಿಗೆ ದಾರ ಪೋಣಿಸಿಕೊಂಡು ಮತ್ತೆ ಹೇಳಿದರು: “ಈಗ್ಲೂ ಅದೇ. ಬಾಗ್ಲ ಮೇಲಿರೋದು ನಿನ್ ಹೆಸ್ರು.”

ಸಿಟ್ಟಿನಿಂದ ಹೇಳಿದ್ದರೆ ನಾನೂ ಎರಡು ಮಾತು ಆಡಿ ಸುಮ್ಮನಾಗುತ್ತಿದ್ದೆ. ಅವರು ಸಿಟ್ಟಿಲ್ಲದೆ, ಹರಿದ ಜಾಗ ಎಷ್ಟಿದೆ ಎಂದು ಹೇಳುವ ಹಾಗೆ ಹೇಳಿದರು. ಒಂದು ವರ್ಷದಿಂದ ಮರಗಟ್ಟಿ ಹೋಗಿದ್ದವಳಿಗೆ ಆಗ ನೋವಾಯಿತು. ಕಂಪನಿಯವರು ಬರೆದಿದ್ದನ್ನು ಇವರೂ ನಂಬಿಬಿಟ್ಟಿದ್ದರು. ಕಂಪನಿಯವರಿಗೆ ಅದನ್ನು ಹೇಳಿಕೊಟ್ಟವಳು ನಾನು, ಹದಿಮೂರು ಸಲ, ಸೀಲು ಹಾಕಿಸಿ. ನಾನು ಸಹಿ ಹಾಕುವುದಿಲ್ಲ ಎಂದು ಅಲ್ಲೇ ಹೇಳಿದೆ. ಅವರು ಏನೋ ಗೊಣಗಿ ಟಾರ್ಪಾಲು ತಿರುಗಿಸಿ ಹಾಕಿಕೊಂಡರು.

ವಿಚಾರಣೆಯ ದಿನ ಅವರು ಇರಲಿಲ್ಲ. ಹಿಂದಿನ ದಿನವೇ ಹುಬ್ಬಳ್ಳಿಗೆ ಲೋಡು ಸಿಕ್ಕಿತ್ತು, ಬಿಡುವ ಸ್ಥಿತಿಯಲ್ಲಿ ನಾವಿರಲಿಲ್ಲ. ವೇದಿಕೆ ಎಂದರೆ ಒಂದು ಉದ್ದನೆಯ ಕೋಣೆ, ಎತ್ತರದ ಮೇಜಿನ ಹಿಂದೆ ಅಧ್ಯಕ್ಷರು ಮತ್ತು ಇಬ್ಬರು ಸದಸ್ಯರು, ಅವರಲ್ಲಿ ಒಬ್ಬರು ಹೆಂಗಸು. ನಮ್ಮ ಸರದಿ ಬಂದಾಗ ಹನ್ನೆರಡು ದಾಟಿತ್ತು. ಕಂಪನಿ ವಕೀಲರು ನನ್ನ ಕಾಗದಗಳನ್ನು ಒಂದೊಂದಾಗಿ ಓದಿದರು. ಕೆಟ್ಟ ದನಿಯಲ್ಲೇನೂ ಓದಲಿಲ್ಲ. ಕೊನೆಗೆ, ಗಂಡನನ್ನು ಯಾವ ಹೆಂಡತಿ ಡ್ರೈವರ್ ಎಂದು ಬರೆಯುತ್ತಾಳೆ ಸ್ವಾಮಿ ಎಂದು ಕೇಳಿ ಕೂತರು. ಅಧ್ಯಕ್ಷರು ನನ್ನನ್ನು ಎದ್ದು ನಿಲ್ಲಲು ಹೇಳಿದರು.

“ಈ ಡ್ರೈವರ್ ಅಂದ್ರೆ ಯಾರಮ್ಮಾ?”

“ನಮ್ಮ ಯಜಮಾನರು.”

ಕಂಪನಿ ವಕೀಲರು ಎದ್ದೇಬಿಟ್ಟರು. ಯಜಮಾನರು ಬೇರೆ ಇದ್ದಾರೆಂದು ಇವರೇ ಹೇಳುತ್ತಿದ್ದಾರೆ, ಹಾಗಾದರೆ ದೂರು ಕೊಟ್ಟ ಇವರು ಯಾರು ಎಂದರು. ಹಿಂದಿನ ಬೆಂಚುಗಳಲ್ಲಿ ಯಾರೋ ನಕ್ಕರು. ಅದೇ ಪದ, ವರ್ಷದ ಹಿಂದೆ ವರ್ಕ್‌ಶಾಪಿನಲ್ಲಿ ಕಾಲಿಗೆ ತೊಡರಿಕೊಂಡಿದ್ದು, ಇಲ್ಲೂ ಬಂದು ತೊಡರಿಕೊಂಡಿತು. ಅಧ್ಯಕ್ಷರು ಕೈ ಎತ್ತಿ ಅವರನ್ನು ಕೂರಿಸಿದರು.

ಯಾಕೆ ಹಾಗೆ ಬರೆದಿರಿ, ವಿವರವಾಗಿ ಹೇಳಿ ಎಂದರು. ಹೇಳಿದೆ. ಸೂಪರ್‌ವೈಸರ್ ಹೇಳಿದ್ದು, ಹೆಸರು ಕೇಳಿದ್ದು, ನಾನು ಹೇಳದೆ ನಿಂತಿದ್ದು, ಅವರು ಡ್ರೈವರ್ ಎಂದು ತುಂಬಿಸಿದ್ದು. ಹೆಂಗಸು ಸದಸ್ಯರು ಮೇಜಿನ ಮೇಲೆ ಮುಂದಕ್ಕೆ ಬಾಗಿ ಕೇಳಿಸಿಕೊಳ್ಳುತ್ತಿದ್ದರು. ಟೈಪಿಸ್ಟು ಬೆರಳು ನಿಲ್ಲಿಸಿ ಅಧ್ಯಕ್ಷರ ಕಡೆ ನೋಡಿದ.

“ಸರಿ, ದಾಖಲೆಗೆ ನಿಮ್ಮ ಬಾಯಿಂದಾನೇ ಬರ್ಬೇಕು,” ಎಂದರು ಅಧ್ಯಕ್ಷರು. “ಗಾಡಿ ಓಡಿಸೋರು ನಿಮಗೇನಾಗ್ಬೇಕು? ಹೆಸರೇನು?”

“ನನ್ನ ಗಂಡ,” ಎಂದೆ.

ಹೆಸರಿಗೆ ಬಾಯಿ ಬರಲಿಲ್ಲ. ಗಡಿಯಾರದಲ್ಲಿ ಹನ್ನೆರಡೂವರೆ. ಹೊರಟ ಹೊತ್ತಿನ ಲೆಕ್ಕದಲ್ಲಿ ಅವರು ಆಗ ಮಾಲು ಇಳಿಸಿ ವಾಪಸ್ ಹೊರಟು ಎಲ್ಲೋ ಹೈವೇಯಲ್ಲಿರಬೇಕು. ನನಗೆ ನಿಜವಾಗಿಯೂ ಭಯವಾಯಿತು. ಇಂಜಿನ್ನಿನಲ್ಲಿ ಬಿರುಕು ಬಂದಾಗ, ಸೀಸನ್ನು ಹೋದಾಗ ಆಗದ ಭಯ. ನಮ್ಮ ವಕೀಲರು, ಹೇಳಮ್ಮ ಎಂದು ಮೆಲ್ಲಗೆ ಅಂದರು.

ಹೇಳಿದೆ. ಟೈಪಿಸ್ಟು ಕೇಳಿಸಲಿಲ್ಲ ಎಂದ. ಇನ್ನೊಂದು ಸಲ, ಬಿಡಿಸಿ ಹೇಳಿದೆ. ಕೋಣೆಯಲ್ಲಿ ಏನೂ ಆಗಲಿಲ್ಲ. ಫ್ಯಾನು ತಿರುಗುತ್ತಿತ್ತು. ಅಧ್ಯಕ್ಷರು ಬರೆದುಕೊಂಡು, ಕೂತ್ಕೊಳಮ್ಮ ಎಂದರು.

ಅವರು ದಾರಿಯಲ್ಲಿದ್ದಾಗ ದಿನಾ ಸಾಯಂಕಾಲ ಎಸ್‌ಟಿಡಿ ಬೂತಿನಿಂದ ಒಂದು ಫೋನು ಮಾಡುತ್ತಿದ್ದರು. ಆವತ್ತು ಮಾಡಲಿಲ್ಲ. ಫೋನಿನ ಪಕ್ಕ ಕೂತೇ ಇದ್ದೆ. ನಂಬುವುದಿಲ್ಲ ಎನ್ನುತ್ತಿದ್ದವಳು ದೇವರ ದೀಪ ಹಚ್ಚಿ ತಪ್ಪಾಯಿತು ಎಂದೆ. ಮಾರನೇ ದಿನ ಮಧ್ಯಾಹ್ನ ಗಾಡಿಯೇ ಬಂದು ವಠಾರದ ಮುಂದೆ ನಿಂತಿತು. ಬೂತಿನಲ್ಲಿ ಲೈನು ಸಿಗಲಿಲ್ಲವಂತೆ. ಏನ್ ಕೇಳಿದ್ರು ಅಲ್ಲಿ ಎಂದರು, ಕೈಕಾಲು ತೊಳೆಯುತ್ತಾ. ಎಲ್ಲಾ ಕೇಳಿದ್ರು ಎಂದಷ್ಟೇ ಹೇಳಿ ತಟ್ಟೆ ಹಾಕಿದೆ. ಹೆಸರು ಹೇಳಿದ್ದನ್ನು ಹೇಳಲಿಲ್ಲ.

ಆರ್ಡರ್ ಬರಲು ಮತ್ತೆ ಐದು ತಿಂಗಳಾಯಿತು. ನಾವು ಗ್ರಾಹಕರು ಹೌದು ಎಂದು ವೇದಿಕೆ ಒಪ್ಪಿತ್ತು. ನಾವು ಕೇಳಿದಷ್ಟು ಅಲ್ಲದಿದ್ದರೂ ನಿಂತ ದಿನಗಳಿಗೆ ಪರಿಹಾರ ಕೊಡಬೇಕೆಂದು ಕಂಪನಿಗೆ ಹೇಳಿತ್ತು. ಹೋದ ಸೀಸನ್ನು ಅದರಿಂದ ತುಂಬಲಿಲ್ಲ, ಹೋದ ಗಿರಾಕಿಗಳಲ್ಲಿ ಅರ್ಧ ಜನ ವಾಪಸ್ ಬರಲಿಲ್ಲ. ಎನ್.ಆರ್. ಕಾಲೋನಿಯಿಂದ ಆರ್ಡರಿನ ಪ್ರತಿ ತಂದು ಮೇಜಿನ ಮೇಲಿಟ್ಟೆ. ಖುಷಿಯಾಗಬೇಕಿತ್ತು, ಸುಸ್ತು ಮಾತ್ರ ಆಯಿತು. ಮನೆಯವರು ಎದುರಿಗೆ ಕುರ್ಚಿ ಎಳೆದುಕೊಂಡು ಕೂತು, ನನ್ನ ಬಗ್ಗೆ ಏನು ಬರೆದಿದ್ದಾರೆ ನೋಡು ಎಂದರು. ಪುಟ ಮಗುಚಿ ಆ ಜಾಗ ಹುಡುಕಿದೆ. ಇಂಗ್ಲಿಷನ್ನು ಕನ್ನಡ ಮಾಡುತ್ತಾ ಓದಿದೆ.

“ಈ ಲಾರಿಯನ್ನು ಸಂಬಳದ ಡ್ರೈವರ್ ಓಡಿಸುತ್ತಿಲ್ಲ. ಓಡಿಸುತ್ತಿರುವವರು ದೂರುದಾರರ ಪತಿ, ಶ್ರೀ...”

ನಿಲ್ಲಿಸಿದೆ. ಅವರು ಕಾಗದದ ಕಡೆ ನೋಡುತ್ತಿದ್ದರು, ನನ್ನ ಕಡೆ ಅಲ್ಲ.

“ಮುಂದೆ?” ಎಂದರು.

“ಪುಟ್ಟಸ್ವಾಮಿ,” ಎಂದು ಓದಿದೆ.

“ಹ್ಞಾ,” ಎಂದರು ಅವರು, ಯಾರೋ ಕರೆದಾಗ ಓಗೊಡುವ ಹಾಗೆ.